ಹಾಲ್‌ನ ಗೋಡೆಯ ಮೇಲೊಂದು ಕಪ್ಪು ಚುಕ್ಕೆ



ಹೋದ ಸಭೆಯಲ್ಲಿ ಒಬ್ಬರು ಕೇಳಿದ್ದರು: "ಶೂಟಿಂಗ್ ರೇಂಜ್ ದೂರ, ವಾರಕ್ಕೊಮ್ಮೆ ಹೋಗುವುದೇ ಕಷ್ಟ. ಉಳಿದ ದಿನ ಮಗಳು ಏರ್ ಪಿಸ್ತೂಲು ಅಭ್ಯಾಸ ಹೇಗೆ ಮಾಡಬೇಕು?" ಮನೆಯಲ್ಲೇ ಮಾಡಲಿ, ಪೆಲೆಟ್ ಇಲ್ಲದೆ.

ಸ್ಪರ್ಧೆಯ ಗುರಿ 10 ಮೀಟರ್ ದೂರದಲ್ಲಿರುತ್ತದೆ; ಅದರ ಕಪ್ಪು ವೃತ್ತದ ಅಡ್ಡಳತೆ 59.5 ಮಿಲಿಮೀಟರ್. ನಮ್ಮ ಮುಂಬಯಿಯ ಫ್ಲ್ಯಾಟುಗಳಲ್ಲಿ 10 ಮೀಟರ್ ಎಲ್ಲಿಂದ ತರೋಣ? ಕಣ್ಣಿಂದ ಗೋಡೆಗೆ 3 ಮೀಟರ್ ಸಿಕ್ಕರೆ ಸಾಕು. ದೂರ ಇಳಿದ ಲೆಕ್ಕದಲ್ಲೇ ವೃತ್ತವನ್ನೂ ಇಳಿಸಿದರೆ ಸುಮಾರು 18 ಮಿಲಿಮೀಟರ್. ಬಿಳಿ ಹಾಳೆಯ ಮೇಲೆ ಕೈವಾರದಿಂದ ಎಳೆದು, ಕಪ್ಪು ತುಂಬಿ, ಅವಳ ಭುಜದ ಎತ್ತರಕ್ಕೆ ಅಂಟಿಸಿ. ಖರ್ಚು ಇಷ್ಟೇ.

ಪೆಲೆಟ್ ಹಾರಿದಾಗ ಕಣ್ಣು ಅಂಕ ನೋಡಲು ಓಡುತ್ತದೆ. ಬೆರಳು ಏನು ಮಾಡಿತೆಂದು ತಿಳಿಯುವುದಿಲ್ಲ. ಬರಿಯ 'ಟಕ್' ಶಬ್ದದಲ್ಲಿ ಮುಂದಿನ ಸೈಟ್ ಅಲುಗಿದ್ದು ಸ್ಪಷ್ಟ ಕಾಣುತ್ತದೆ. ಟ್ರಿಗರ್ ಒತ್ತಡ ಕನಿಷ್ಠ 500 ಗ್ರಾಂ ಇರಬೇಕೆಂಬುದು ನಿಯಮ, ಹೆಚ್ಚುಕಡಿಮೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನ ತೂಕ! ಅದನ್ನು ಮೆಲ್ಲಗೆ, ಸೈಟ್ ಕದಲದಂತೆ ಒತ್ತುವುದೇ ಅಭ್ಯಾಸ.

ಎಲ್ಲ ಪಿಸ್ತೂಲುಗಳಿಗೂ ಇದು ಆಗದು. ಡ್ರೈ ಫೈರ್ ವ್ಯವಸ್ಥೆ ಇದೆಯೇ ಎಂದು ಕೋಚ್ ಅವರನ್ನು ಕೇಳಿ. ಸ್ಪ್ರಿಂಗ್ ಪಿಸ್ತೂಲನ್ನು ಪೆಲೆಟ್ ಇಲ್ಲದೆ ಹಾರಿಸಿದರೆ ಕೆಡುತ್ತದೆ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಪಿಸ್ತೂಲು ಖಾಲಿಯೆಂದು ಪ್ರತಿ ಸಲವೂ ನೋಡಲಿ. ಕಿಟಕಿ, ಬಾಗಿಲುಗಳತ್ತ ಬೇಡ, ಗಟ್ಟಿ ಗೋಡೆಯೇ ಬೇಕು. ಚಿಕ್ಕ ಮಕ್ಕಳು ಓಡಾಡುವಾಗಂತೂ ಬೇಡವೇ ಬೇಡ.

ದಿನಕ್ಕೆ 20 ನಿಮಿಷ ಸಾಕು. ತೋಳು ನಡುಗತೊಡಗಿದರೆ ಅಂದಿಗೆ ನಿಲ್ಲಿಸಲಿ.