ಐದು ವರ್ಷ ತುಂಬದ ಆಟ

ಚದುರಂಗದ ಮಣೆಯ ಮುಂದೆ ಕುಳಿತ ಇಬ್ಬರೂ ಸಮಾನರು. ಇಬ್ಬರಿಗೂ ಹದಿನಾರು ಕಾಯಿಗಳು, ಇಬ್ಬರಿಗೂ ಒಂದೇ ನಿಯಮ. ಆದರೆ ಆ ಮಣೆಯ ಮುಂದೆ ಬಂದು ಕುಳಿತುಕೊಳ್ಳುವ ಅವಕಾಶ ಎಲ್ಲರಿಗೂ ಸಮಾನವಾಗಿ ಒದಗುವುದಿಲ್ಲ. ಮೀರ್ ಸುಲ್ತಾನ್ ಖಾನರ ಜೀವನ ಇದಕ್ಕೆ ನಿದರ್ಶನವಾಗಿದೆ.

ಅವಿಭಜಿತ ಪಂಜಾಬಿನ ಮಿಠಾ ತಿವಾನಾ ಎಂಬ ಊರಿನವರು ಅವರು. ಎಳವೆಯಲ್ಲಿ ತಂದೆಯಿಂದ ಕಲಿತದ್ದು ದೇಶೀಯ ಚದುರಂಗ. ಅದರಲ್ಲಿ ಕಾಲಾಳು ತನ್ನ ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯತಕ್ಕದ್ದು. ಆದುದರಿಂದ ಆಟ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ತಾಳ್ಮೆಯೇ ಅಲ್ಲಿ ದೊಡ್ಡ ವಿದ್ಯೆ. ಭಾರಿ ಜಮೀನುದಾರರಾಗಿದ್ದ ಸರ್ ಉಮರ್ ಹಯಾತ್ ಖಾನರು ಈ ತರುಣನ ಪ್ರತಿಭೆಯನ್ನು ಗುರುತಿಸಿ ಆಶ್ರಯವಿತ್ತರು. ಪಾಶ್ಚಾತ್ಯ ನಿಯಮಗಳನ್ನು ಕಲಿಯುವ ಏರ್ಪಾಡು ಮಾಡಿದರು. 1928ರಲ್ಲಿ ಸುಲ್ತಾನ್ ಖಾನರು ಅಖಿಲ ಭಾರತ ಚಾಂಪಿಯನ್ ಆದರು. ಮರುವರ್ಷ ಉಮರ್ ಹಯಾತರು ಭಾರತಮಂತ್ರಿಯ ಸಲಹಾಸಭೆಯ ಸದಸ್ಯರಾಗಿ ಲಂಡನ್ನಿಗೆ ಹೊರಟಾಗ ಇವರೂ ಜೊತೆಗೆ ಹೋದರು. ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಪದವಿ ಇವರದಾಯಿತು! 1932 ಮತ್ತು 1933ರಲ್ಲಿ ಮತ್ತೆ ಅದನ್ನು ಗೆದ್ದರು.

ಯುರೋಪಿನ ಆಟಗಾರರು ಆರಂಭದ ನಡೆಗಳನ್ನು ಗ್ರಂಥಗಳಿಂದ ಅಭ್ಯಾಸ ಮಾಡಿದ್ದರು. ಖಾನರಿಗೆ ಆ ಓದಿನ ಬಲವಿರಲಿಲ್ಲ. ಛಂದಸ್ಸಿನ ಲಕ್ಷಣಗಳನ್ನು ಓದದೆಯೂ ಲಯ ತಪ್ಪದೆ ಹಾಡುವ ಜನಪದ ಗಾಯಕನಂತೆ ಅವರು ಆಡಿದರು. ಆರಂಭದಲ್ಲಿ ಹಿಂದೆ ಬಿದ್ದರೂ ಕಾಯಿಗಳು ವಿರಳವಾಗುವ ಕೊನೆಯ ಘಟ್ಟದಲ್ಲಿ ಅವರನ್ನು ಹಿಡಿಯುವುದು ಕಷ್ಟವಾಗಿತ್ತು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ 65 ನಡೆಗಳ ಆಟದಲ್ಲಿ ಅವರಿಗೆ ಸೋತರು. 1931ರ ಪ್ರಾಗ್ ಒಲಿಂಪಿಯಾಡಿನಲ್ಲಿ ರೂಬಿನ್‌ಸ್ಟೈನ್, ಫ್ಲೋರ್ ಇಬ್ಬರೂ ಸೋತರು. ಅಂದಿನ ವಿಶ್ವ ಚಾಂಪಿಯನ್ ಅಲೆಖಿನರೊಡನೆ ಆಟ ಸಮವಾಯಿತು.

1933ರ ಕೊನೆಯಲ್ಲಿ ಆಶ್ರಯದಾತರು ಸ್ವದೇಶಕ್ಕೆ ಮರಳಿದರು, ಆಟಗಾರರೂ ಮರಳಬೇಕಾಯಿತು. 1935ರಲ್ಲಿ ಖಾಡಿಲ್ಕರರೊಡನೆ ಆಡಿದ ಹತ್ತು ಆಟಗಳಲ್ಲಿ ಒಂಬತ್ತನ್ನು ಗೆದ್ದು ಒಂದನ್ನು ಸಮ ಮಾಡಿಕೊಂಡರೆಂದರೆ ಅವರ ಶಕ್ತಿ ಕುಂದಿರಲಿಲ್ಲವೆಂಬುದು ಸ್ಪಷ್ಟ. ಆಮೇಲೆ ದೊಡ್ಡ ಸ್ಪರ್ಧೆಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ತಮ್ಮ ಸೀಮೆಯಲ್ಲೇ ಬೇಸಾಯ ಮಾಡಿಕೊಂಡಿದ್ದು 1966ರಲ್ಲಿ ತೀರಿಕೊಂಡರು. 1950ರಲ್ಲಿ ವಿಶ್ವ ಚದುರಂಗ ಸಂಸ್ಥೆಯು ಗ್ರ್ಯಾಂಡ್‌ಮಾಸ್ಟರ್ ಬಿರುದುಗಳನ್ನು ಹಂಚಿದಾಗ ಅವರ ನೆನಪು ಯಾರಿಗೂ ಆಗಲಿಲ್ಲ. ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂದದ್ದು 2024ರಲ್ಲಿ, ಅವರು ಗತಿಸಿ 58 ವರ್ಷಗಳ ಮೇಲೆ.

ಹೊಲದ ಬದುಕು ಅವರಿಗೆ ಸೋಲಾಗಿ ಕಂಡಿತೆಂದು ನಾವು ಭಾವಿಸಬೇಕಾಗಿಲ್ಲ. ನಷ್ಟವಾದದ್ದು ಚದುರಂಗಕ್ಕೆ. ಮೂವತ್ತರ ಆಸುಪಾಸಿನ, ಶಕ್ತಿ ಮಾಗುತ್ತಿದ್ದ ಆಟಗಾರನೊಬ್ಬ ಆಡಬಹುದಾಗಿದ್ದ ನೂರಾರು ಆಟಗಳು ಹುಟ್ಟಲೇ ಇಲ್ಲ. ಪ್ರತಿಭೆಗೆ ಆಸರೆಯಾದವರಿಗೆ ಕೃತಜ್ಞತೆ ಸಲ್ಲಬೇಕಾದದ್ದೇ. ಆದರೆ ಒಬ್ಬನ ಕಲೆ ಮತ್ತೊಬ್ಬನ ಪ್ರಯಾಣಕ್ಕೆ ಗಂಟುಬಿದ್ದಿರುವವರೆಗೆ, ಮಣೆಯ ಮೇಲಿನ ಸಮಾನತೆ ಮಣೆಯ ಅಂಚಿನಲ್ಲೇ ಮುಗಿದುಹೋಗುತ್ತದೆ.