ಆ ಭಾಷೆಗೆ ಹೆಸರಿಲ್ಲವೇ?

2023ರ ಫೆಬ್ರವರಿ 5. ಲಾಸ್ ಏಂಜಲೀಸ್‌ನಲ್ಲಿ ಗ್ರ್ಯಾಮಿ ಪ್ರಶಸ್ತಿ ಸಮಾರಂಭ. ಪೋರ್ಟೊ ರಿಕೊದ ಬ್ಯಾಡ್ ಬನ್ನಿ ಸ್ಪ್ಯಾನಿಷ್‌ನಲ್ಲಿ ಹಾಡ್ತಾ ಕಾರ್ಯಕ್ರಮ ಶುರು ಮಾಡಿದ. ಕಿವಿ ಕೇಳದವರಿಗಾಗಿ ಟಿವಿ ಪರದೆಯ ಕೆಳಗೆ ಅಕ್ಷರದ ಸಾಲು ಬರುತ್ತಲ್ಲ, ಅಲ್ಲಿ ಏನು ಬಂತು ಗೊತ್ತಾ? 'ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಹಾಡುತ್ತಿದ್ದಾರೆ.'

ಅಷ್ಟೇ. ಭಾಷೆಗೆ ಹೆಸರೇ ಇಲ್ಲ! ಅಮೆರಿಕದಲ್ಲೇ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಆಡುವ ಭಾಷೆ ಅದು. ಪೋರ್ಟೊ ರಿಕೊದವರು 1917ರಿಂದಲೂ ಅಮೆರಿಕದ ಪ್ರಜೆಗಳು. ನಾನೂ ದಿನಾ ಪರದೆಯ ಮೇಲೆ ಸಾಲು ಹಾಕಿಸೋನೇ. ಆ ಸಾಲು ಯಾರನ್ನ ಹೆಸರು ಹಿಡಿದು ಕರೆಯುತ್ತೆ, ಯಾರನ್ನ 'ಇತರೆ' ಅನ್ನುತ್ತೆ ಅನ್ನೋದು ಸಣ್ಣ ವಿಷಯ ಅಲ್ಲ.

ಹಿಪ್-ಹಾಪ್ ಕಪ್ಪು ಜನರ ಸಂಗೀತ, ಅಲ್ಲಿ ಲ್ಯಾಟಿನೋಗಳಿಗೇನು ಕೆಲಸ ಅಂತ ಕೇಳೋರೂ ಇದ್ದಾರೆ. ಹುಟ್ಟುಹಾಕಿದ್ದು ಕಪ್ಪು ಯುವಕರೇ, ಅನುಮಾನ ಬೇಡ. ಆದರೆ 1970ರ ದಶಕದಲ್ಲಿ ಅದು ಹುಟ್ಟಿದ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಅವರ ನೆರೆಹೊರೆಯವರು ಯಾರು? ಪೋರ್ಟೊ ರಿಕೊದಿಂದ ಬಂದವರು. ಕೋಲ್ಡ್ ಕ್ರಶ್ ಬ್ರದರ್ಸ್ ತಂಡದ ಡಿಜೆ ಚಾರ್ಲಿ ಚೇಸ್, ರಾಕ್ ಸ್ಟೆಡಿ ಕ್ರೂ ತಂಡದ ಬ್ರೇಕ್ ಡಾನ್ಸರ್ ಕ್ರೇಜಿ ಲೆಗ್ಸ್, ಇಬ್ಬರೂ ಪೋರ್ಟೊ ರಿಕೊ ಮೂಲದವರೇ. ಈ ಮನೆಗೆ ಇವರು ನೆಂಟರಲ್ಲ ಸ್ವಾಮಿ, ಮನೆಯವರೇ.

1990ರಲ್ಲಿ ಮೆಕ್ಸಿಕನ್ ಮೂಲದ ಕಿಡ್ ಫ್ರಾಸ್ಟ್ 'ಲಾ ರಾಸಾ' ಹಾಡಿನಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಬೆರೆಸಿದ. ಲಾಸ್ ಏಂಜಲೀಸ್‌ನ ಅವನ ಬೀದಿಯವರು ಮಾತಾಡೋದೇ ಹಾಗೆ. 1998ರಲ್ಲಿ ಬ್ರಾಂಕ್ಸ್‌ನ ಬಿಗ್ ಪನ್ ತಂದ 'ಕ್ಯಾಪಿಟಲ್ ಪನಿಶ್‌ಮೆಂಟ್' ಆಲ್ಬಮ್ 10 ಲಕ್ಷ ಪ್ರತಿಗಳ ಗಡಿ ಮುಟ್ಟಿತು. ತಂಡದ ಜೊತೆಗಲ್ಲದೆ ಒಬ್ಬನೇ ನಿಂತು ಅದನ್ನ ಸಾಧಿಸಿದ ಮೊದಲ ಲ್ಯಾಟಿನೋ ರ‍್ಯಾಪರ್ ಅವನು. ಅವನ ರ‍್ಯಾಪ್ ಬಹುತೇಕ ಇಂಗ್ಲಿಷಿನಲ್ಲೇ. ಆದರೂ ತಾನು ಪೋರ್ಟೊ ರಿಕನ್ ಅನ್ನೋದನ್ನ ಎಂದೂ ಮುಚ್ಚಿಡಲಿಲ್ಲ.

ಬ್ಯಾಡ್ ಬನ್ನಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಅಮೆರಿಕದ ಮಾರುಕಟ್ಟೆಗಾಗಿ ಭಾಷೆ ಬದಲಿಸಲೇ ಇಲ್ಲ. ಪೂರ್ತಿ ಸ್ಪ್ಯಾನಿಷ್‌ನಲ್ಲಿರುವ ಆಲ್ಬಮ್ ಒಂದು ಗ್ರ್ಯಾಮಿಯ 'ವರ್ಷದ ಆಲ್ಬಮ್' ಸ್ಪರ್ಧೆಯ ಪಟ್ಟಿಗೆ ಬಂದದ್ದು ಆ ವರ್ಷವೇ ಮೊದಲು. ಅದು ಅವನದೇ. ಆ ಪ್ರಶಸ್ತಿ ಅಂದು ಬೇರೆಯವರ ಪಾಲಾಯ್ತು, ಇರಲಿ. ಅರ್ಥವಾಗದವರು ಅರ್ಥ ಕೇಳಿ ತಿಳ್ಕೊಳ್ಳಲಿ ಅನ್ನೋ ಧೈರ್ಯ ಇದೆಯಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತೆ.

ಅಂದು ಆ ಸಾಲು ಬರೆದವರು ಭಾಷಾಂತರ ಮಾಡದಿದ್ದರೂ ನಡೀತಿತ್ತು. 'ಸ್ಪ್ಯಾನಿಷ್' ಅಂತ ಒಂದು ಪದ ಬರೆದಿದ್ದರೆ ಸಾಕಿತ್ತು.