ಪುಕ್ಕಟೆ ಚಿತ್ರಕ್ಕೂ ಒಡೆಯನುಂಟು
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)

ಸಂಬಳ, ವಾರದ ರಜೆ, ಕೆಲಸದ ವೇಳೆ, ಇವು ನಮ್ಮ ಸಭೆಯ ನಿತ್ಯದ ಮಾತುಗಳು. ಇಂದು ಚಿತ್ರದ ಮಾತು ಎತ್ತಿಕೊಂಡದ್ದನ್ನು ಕಂಡು ಕೆಲವರಿಗೆ ನಗು ಬಂದಿರಬಹುದು. ಆದರೆ ಇದು ನಗುವ ವಿಷಯವಲ್ಲ. ನಮ್ಮಲ್ಲಿ ಹಲವರು ಕೂಲಿಯ ಜೊತೆಗೆ ಸ್ವಂತ ಉದ್ಯೋಗಕ್ಕೂ ಕೈ ಹಾಕಿದ್ದಾರೆ. ಒಬ್ಬರು ಕೋಥ್ರೂಡಿನಲ್ಲಿ ಡಬ್ಬಿ ಕೊಡುತ್ತಾರೆ, ಇನ್ನೊಬ್ಬರು ಹಡಪಸರದಲ್ಲಿ ಇಡ್ಲಿ ಗಾಡಿ ಇಟ್ಟಿದ್ದಾರೆ. ಗಿರಣಿಯ ಕೆಲಸ ಬಿಟ್ಟವರ ಮನೆಗಳಲ್ಲಿ ಹೆಂಗಸರು ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಹಿಂದೆ ಇಂಥ ಉದ್ಯೋಗಕ್ಕೆ ಬಾಯಿಮಾತೇ ಸಾಕಾಗಿತ್ತು. ಈಗ ಗಿರಾಕಿ ಮೊದಲು ಫೋನು ನೋಡುತ್ತಾನೆ, ಆಮೇಲೆ ರುಚಿ ನೋಡುತ್ತಾನೆ. ಬೋರ್ಡಿಗೆ ಚಿತ್ರ ಬೇಕು, ಮೆನು ಕಾರ್ಡಿಗೆ ಬೇಕು, ಪೊಟ್ಟಣಕ್ಕೂ ಬೇಕು.

ಫೋಟೋಗ್ರಾಫರನನ್ನು ಕರೆಸುವ ಶಕ್ತಿ ನಮಗೆಲ್ಲಿಯದು? ಗೂಗಲಿನಲ್ಲಿ ‘ಮಸಾಲೆ ದೋಸೆ’ ಎಂದು ಹುಡುಕಿ, ಅಂದವಾಗಿ ಕಂಡದ್ದನ್ನು ಇಳಿಸಿಕೊಂಡು ಫ್ಲೆಕ್ಸಿನವನ ಕೈಗೆ ಕೊಡುತ್ತೇವೆ. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯಂತೆ! ಹೀಗೆ ಮಾಡಿದ ನಮ್ಮವರೊಬ್ಬರಿಗೆ ಬೋರ್ಡು ಏರಿದ ಕೆಲವು ತಿಂಗಳಲ್ಲಿ ಚಿತ್ರದ ಒಡೆಯನ ವಕೀಲರಿಂದ ಕಾಗದ ಬಂತು. ಬೋರ್ಡು ಇಳಿಯಿತು, ಅಚ್ಚಾದ ಕಾರ್ಡುಗಳು ರದ್ದಿಗೆ ಹೋದವು, ಕೊಟ್ಟ ಹಣ ಬೇರೆ. ಗಾಡಿಯ ಮೂರು ತಿಂಗಳ ಲಾಭ ಅಲ್ಲಿಗೆ ಮುಗಿಯಿತು.

ಗೂಗಲ್ ಎಂಬುದು ಚಿತ್ರಗಳ ಅಂಗಡಿಯಲ್ಲ, ಅಂಗಡಿಗೆ ದಾರಿ ತೋರಿಸುವ ಕೈಮರ. ಅಲ್ಲಿ ಕಾಣುವ ಒಂದೊಂದು ಚಿತ್ರಕ್ಕೂ ಒಬ್ಬ ಒಡೆಯನಿರುತ್ತಾನೆ. 1957ರ ಕಾಪಿರೈಟ್ ಕಾಯಿದೆ ಆತನ ಹಕ್ಕನ್ನು ಕಾಯುತ್ತದೆ. ಬಂಧುಗಳೇ, ಕಾಯಿದೆಯ ಭಯಕ್ಕಷ್ಟೇ ನಾವು ಇದನ್ನು ಹೇಳುತ್ತಿಲ್ಲ. ಫೋಟೋ ತೆಗೆಯುವುದೂ ಒಂದು ದುಡಿಮೆ. ಒಂದು ಗಂಟೆಯ ಓವರ್‌ಟೈಮನ್ನು ಮಾಲಿಕ ನುಂಗಿದರೆ ಸಭೆ ಕರೆಯುವವರು ನಾವು. ಇನ್ನೊಬ್ಬನ ದುಡಿಮೆಯನ್ನು ಕೇಳದೆ ಎತ್ತಿಕೊಂಡರೆ ನಮ್ಮ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ?

ಹಾಗಾದರೆ ನ್ಯಾಯವಾಗಿ ಪುಕ್ಕಟೆ ಸಿಗುವ ಚಿತ್ರಗಳೇ ಇಲ್ಲವೆ? ಧಾರಾಳವಾಗಿ ಇವೆ. ಅವು ಮೂರು ಬಗೆ.

ಮೊದಲನೆಯದು, ಹಕ್ಕಿನ ಅವಧಿ ತೀರಿದವು. ಪುಣೆಯಿಂದ ಲೋಣಾವಳದ ಲೋಕಲ್ ಗಾಡಿ ಹತ್ತಿದರೆ ದಾರಿಯಲ್ಲಿ ಮಳವಲಿ ಎಂಬ ಸ್ಟೇಷನ್ ಸಿಗುತ್ತದೆ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯ ಮುಂದೆ ಆ ಊರಿಗೆ ಬಂತು. ನಮ್ಮ ಹೋಟೆಲುಗಳ ಗಲ್ಲೆಯ ಮೇಲೆ ಊದುಬತ್ತಿ ಹಚ್ಚಿಸಿಕೊಂಡ ಲಕ್ಷ್ಮೀ, ಸರಸ್ವತಿಯರ ಪಟಗಳು ಮನೆಮನೆಗೆ ಹರಡಿದ್ದು ಇಂಥ ಮುದ್ರಣಾಲಯಗಳಿಂದ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ನಮ್ಮ ದೇಶದಲ್ಲಿ ಚಿತ್ರಕಾರನ ಹಕ್ಕು ಆತನ ಮರಣಾನಂತರ 60 ವರ್ಷ ಇರುತ್ತದೆ. ಆದುದರಿಂದ ಅವರ ಚಿತ್ರಗಳು ಇಂದು ಎಲ್ಲರ ಸೊತ್ತು. ಫೋಟೋಗಳಿಗೆ 2012ರವರೆಗೆ ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ ಎಂದಿತ್ತು; ಈಗ ಅವಕ್ಕೂ ತೆಗೆದವನ ಮರಣಾನಂತರ 60 ವರ್ಷ. ಹಳೆಯ ಪೇಟೆ, ಹಳೆಯ ರೈಲು ನಿಲ್ದಾಣದ ಚಿತ್ರಗಳನ್ನು ಗೋಡೆಗೆ ಹಾಕಬಯಸುವವರು ಇದನ್ನು ನೆನಪಿಡಬೇಕು.

ಎರಡನೆಯದು, ಒಡೆಯನೇ ಕರಾರು ಬರೆದು ಬಿಟ್ಟುಕೊಟ್ಟವು. 2001ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ಇದಕ್ಕೆ ಸುಲಭ ಗುರುತುಗಳನ್ನು ಮಾಡಿದೆ. ಸಿಸಿ ಝೀರೋ ಎಂದಿದ್ದರೆ ಯಾವ ಷರತ್ತೂ ಇಲ್ಲ. ಬಿವೈ ಎಂದಿದ್ದರೆ ತೆಗೆದವನ ಹೆಸರು ಮತ್ತು ಕರಾರಿನ ಹೆಸರು ಹಾಕಬೇಕು. ಮೆನು ಕಾರ್ಡಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದರೂ ಸಾಕು. ಎಸ್‌ಎ ಎಂದಿದ್ದರೆ, ಚಿತ್ರವನ್ನು ನೀವು ಬದಲಿಸಿದಾಗ ಅದನ್ನೂ ಅದೇ ಕರಾರಿನಲ್ಲಿ ಇತರರಿಗೆ ಬಿಡಬೇಕು. ಎನ್‌ಡಿ ಎಂದಿದ್ದರೆ ಬದಲಿಸಿ ಹಂಚುವಂತಿಲ್ಲ. ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಇಡ್ಲಿ ಗಾಡಿಯೂ ವ್ಯಾಪಾರವೇ! 2004ರಲ್ಲಿ ಆರಂಭವಾದ ವಿಕಿಮೀಡಿಯಾ ಕಾಮನ್ಸಿನಲ್ಲಿ ಎನ್‌ಸಿ ಚಿತ್ರಗಳನ್ನು ಸೇರಿಸಿಕೊಳ್ಳುವುದಿಲ್ಲ. ಆದುದರಿಂದ ನಮ್ಮಂಥವರು ಮೊದಲು ಹುಡುಕಬೇಕಾದ ಜಾಗ ಅದು.

ಮೂರನೆಯದು, ಅನ್‌ಸ್ಪ್ಲ್ಯಾಷ್, ಪೆಕ್ಸೆಲ್ಸ್, ಪಿಕ್ಸಾಬೇ ಮೊದಲಾದ ಭಂಡಾರಗಳು. ಇವಕ್ಕೆ ಅವುಗಳದೇ ನಿಯಮಗಳಿವೆ. ವ್ಯಾಪಾರಕ್ಕೆ ಬಳಸಬಹುದು, ಹೆಸರು ಹಾಕುವುದೂ ಕಡ್ಡಾಯವಲ್ಲ. ಆದರೆ ಅಲ್ಲಿಯ ಚಿತ್ರವನ್ನು ನಿಮ್ಮ ಮುದ್ರೆಯಾಗಿ, ಟ್ರೇಡ್‌ಮಾರ್ಕಾಗಿ ಮಾಡಿಕೊಳ್ಳಬಾರದೆಂದು ಪೆಕ್ಸೆಲ್ಸ್, ಪಿಕ್ಸಾಬೇಗಳ ನಿಯಮವೇ ಹೇಳುತ್ತದೆ. ಯೋಚಿಸಿದರೆ ಅದು ಸರಿಯೇ. ಎಲ್ಲರಿಗೂ ಸಿಗುವ ಚಿತ್ರ ನಿಮ್ಮೊಬ್ಬರ ಗುರುತಾಗುವುದು ಹೇಗೆ? ನಾಳೆ ಎದುರು ಬೀದಿಯವನೂ ಅದನ್ನೇ ಹಾಕಿಯಾನು. ಮುದ್ರೆ ಬೇಕಾದರೆ ನಿಮ್ಮ ಹೆಸರನ್ನೇ ಅಂದವಾಗಿ ಬರೆಯಿಸಿರಿ.

ಕರಾರು ಸರಿಯಿದ್ದರೂ ಜಾರಿ ಬೀಳುವ ಎರಡು ಜಾಗಗಳಿವೆ. ಶಿವಾಜಿ ಮಹಾರಾಜರ, ಗಾಂಧೀಜಿಯವರ, ನೆಹರೂರವರ ಚಿತ್ರವನ್ನಾಗಲಿ ರಾಷ್ಟ್ರಧ್ವಜವನ್ನಾಗಲಿ ವ್ಯಾಪಾರದ ಗುರುತಿಗೆ ಬಳಸುವುದನ್ನು 1950ರ ಲಾಂಛನಗಳ ಕಾಯಿದೆ ತಡೆಯುತ್ತದೆ. ಪುಣೆಯಲ್ಲಿ ಬದುಕುವ ನಾವು ಭಕ್ತಿಯಿಂದ ಪಟವನ್ನು ಗೋಡೆಗೆ ಹಾಕೋಣ, ಮಾಲಿನ ಪೊಟ್ಟಣಕ್ಕೆ ಬೇಡ. ಇನ್ನೊಂದು, ಮನುಷ್ಯರ ಮುಖ. ಫೋಟೋ ತೆಗೆದವನು ಒಪ್ಪಿದ ಮಾತ್ರಕ್ಕೆ ಫೋಟೋದಲ್ಲಿ ಇರುವವನು ಒಪ್ಪಿದಂತಾಗಲಿಲ್ಲ. ಇದು ನಮಗೆ ಅನುಭವದಿಂದ ಗೊತ್ತು. ಒಂದು ಹೋಟೆಲಿನಲ್ಲಿ ಲೆಕ್ಕ ಮುಗಿಸಿ ಊರಿಗೆ ಹೋದ ಮಾಣಿಯ ನಗುಮುಖ ಎರಡು ವರ್ಷ ಅದೇ ಬೋರ್ಡಿನ ಮೇಲೆ ಗಿರಾಕಿಗಳನ್ನು ಕರೆಯುತ್ತಿತ್ತು. ಅವನನ್ನು ಯಾರೂ ಕೇಳಿರಲಿಲ್ಲ, ಒಂದು ಕಾಸು ಕೊಟ್ಟಿರಲಿಲ್ಲ. ನಾವು ನಾಲ್ಕು ಜನ ಸೇರಿ ಖಾನಾವಳಿ ತೆರೆದಾಗ ಅದನ್ನೇ ಮಾಡಬಾರದು. ಮುಖ ಬೇಕಾದರೆ ಕೇಳಿ, ಬರೆಸಿಕೊಂಡು, ಹಾಕತಕ್ಕದ್ದು.

ಇನ್ನು ಮುಖ್ಯವಾದ ಮಾತು. ಪುಕ್ಕಟೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ನಿಮ್ಮ ದೋಸೆಯಲ್ಲ. ಬಾಳೆಲೆ, ಕಾಫಿ ಬೀಜ, ಒಣಮೆಣಸಿನ ರಾಶಿ, ಕರಾವಳಿಯ ತೆಂಗಿನ ತೋಟ ಇವು ಹಿನ್ನೆಲೆಗೆ ಭಂಡಾರದಿಂದ ಬರಲಿ. ಮಾರುವ ಪದಾರ್ಥದ ಚಿತ್ರ ಮಾತ್ರ ನಿಮ್ಮ ಕಾವಲಿಯಿಂದಲೇ ಬರಬೇಕು. ಚಿತ್ರದಲ್ಲಿ ಗೋಡಂಬಿ, ತಟ್ಟೆಯಲ್ಲಿ ಕಡಲೆ ಎಂದಾದರೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯಂತೂ ದಾರಿ ತಪ್ಪಿಸುವ ಜಾಹಿರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಈಗ ಯಂತ್ರವೇ ಕಲ್ಪಿಸಿ ಬರೆದುಕೊಡುವ ಚಿತ್ರಗಳೂ ಬಂದಿವೆ. ಯಾರೂ ಹುಯ್ಯದ ದೋಸೆಯನ್ನು ತೋರಿಸಿ ನಾವು ಹುಯ್ದದ್ದನ್ನು ಮಾರುವುದೂ ಅದೇ ಜಾತಿಯ ಮೋಸ.

ಸ್ವಂತ ಚಿತ್ರ ತೆಗೆಯುವುದು ಕಷ್ಟವಲ್ಲ. ಮೊದಲು ಫೋನಿನ ಗಾಜು ಒರೆಸಿರಿ. ಅಡಿಗೆಮನೆಯ ಎಣ್ಣೆ ಹೊಗೆ ಕೂತ ಗಾಜಿನಲ್ಲಿ ಎಲ್ಲವೂ ಮಂಜು. ಬೆಳಗಿನ ಹೊತ್ತು ಕಿಟಕಿಯ ಬಳಿ ತಟ್ಟೆ ಇಡಿ, ಬೆಳಕು ಪಕ್ಕದಿಂದ ಬೀಳಲಿ, ಫ್ಲ್ಯಾಷ್ ಬೇಡ. ತಟ್ಟೆಯ ಅಂಚು ಒರೆಸಿರಿ. ದೋಸೆ ಮೆತ್ತಗಾಗುವ ಮೊದಲೇ, ಕಾವಲಿಯಿಂದ ಇಳಿದ ಎರಡು ನಿಮಿಷದೊಳಗೆ ಹತ್ತಾರು ಸಲ ಒತ್ತಿರಿ; ಒಂದಾದರೂ ಸರಿ ಬಂದೀತು. ಮುದ್ರಣಾಲಯಕ್ಕೆ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿರಿ. ಮೆನು ಕಾರ್ಡಿಗೆ ಅಂಗುಲಕ್ಕೆ 300 ಚುಕ್ಕೆ ಬೇಕೆಂದು ಲೆಕ್ಕ. ಅಂದರೆ 6 ಅಂಗುಲ ಅಗಲದ ಚಿತ್ರಕ್ಕೆ 1800 ಚುಕ್ಕೆ. ಭಂಡಾರದಿಂದ ಇಳಿಸುವಾಗಲೂ ಈ ಅಳತೆ ನೋಡಿಕೊಳ್ಳಿರಿ.

ಕೊನೆಯದಾಗಿ, ಉದ್ರಿ ಲೆಕ್ಕಕ್ಕೆ ಇಡುವಂತೆ ಚಿತ್ರಕ್ಕೂ ಒಂದು ಪುಸ್ತಕ ಇಡಿ. ಎಲ್ಲಿಂದ ತಂದೆವು, ಯಾರು ತೆಗೆದದ್ದು, ಯಾವ ಕರಾರು, ಯಾವ ದಿನ ಎಂಬ ನಾಲ್ಕು ಮಾತು ಬರೆದು, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕರಾರುಗಳು ಬದಲಾಗುತ್ತವೆ, ಅನ್‌ಸ್ಪ್ಲ್ಯಾಷ್ ಸಹ 2017ರಲ್ಲಿ ಸಿಸಿ ಝೀರೋ ಬಿಟ್ಟು ತನ್ನದೇ ನಿಯಮ ಮಾಡಿತು. ನಾಳೆ ಯಾರಾದರೂ ಕೇಳಿದರೆ ನಮ್ಮ ಕೈಯಲ್ಲಿ ಪುರಾವೆ ಇರಬೇಕು.

ಉದ್ಯೋಗ ಸಣ್ಣದಿರಬಹುದು, ಬಂಧುಗಳೇ, ಅದರ ಬೋರ್ಡು ಸುಳ್ಳಾಡಬಾರದು, ಕದ್ದದ್ದೂ ಆಗಿರಬಾರದು. ಹೊಸ ಬೋರ್ಡು ಮಾಡಿಸುವವರು ಅಚ್ಚಿಗೆ ಕೊಡುವ ಮೊದಲು ಸಂಘಕ್ಕೆ ಬಂದು ತೋರಿಸಿರಿ. ನಾಲ್ಕು ಜನ ಕೂತು ಕರಾರು ಓದೋಣ.